ಆಟದ ಕಣದಿಂದ ಚಿತ್ರದ ತೆರೆಗೆ

ಸುಲೇಪೇಟ, ಚಿಂಚೋಳಿ, ಸೇಡಂ ಸೀಮೆಯವರಾದ ನಮಗೆ ಮಂಜುಗಡ್ಡೆಯೆಂದರೆ ಬರ್ಫ. ಬೇಸಗೆಯಲ್ಲಿ ಶರಬತ್ತಿನ ಗಾಡಿಯವನು ಗೋಣಿತಟ್ಟಿನಲ್ಲಿ ಸುತ್ತಿ ತಂದ ಗಟ್ಟಿಯನ್ನು ಕೆರೆದು, ಬಣ್ಣದ ಪಾಕ ಸುರಿದು ಕೊಟ್ಟರೆ ತಿನ್ನುತ್ತೇವೆ. ಅದರ ಮೇಲೆ ನಿಲ್ಲುವ ಪ್ರಸಂಗ ನಮಗೆ ಒದಗಿಲ್ಲ; ಒದಗಿಸುವ ಹವೆಯೂ ನಮ್ಮದಲ್ಲ. ಹೀಗಿರುವಲ್ಲಿ, ಮಂಜುಗಡ್ಡೆಯ ಮೇಲೆ ಜಾರುತ್ತ ನರ್ತಿಸಿ ಜಗತ್ತನ್ನು ಗೆದ್ದು ಆಮೇಲೆ ಚಿತ್ರತಾರೆಯಾದ ಹೆಣ್ಣುಮಗಳೊಬ್ಬಳ ವೃತ್ತಾಂತ ನಮಗೇಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಗರಡಿಯಿಂದ ಚಿತ್ರರಂಗಕ್ಕೆ ಹೋದವರು, ಓಟದ ಕಣದಿಂದ ಚಿತ್ರರಂಗಕ್ಕೆ ಹೋದವರು ನಮ್ಮ ಕನ್ನಡನಾಡಿನಲ್ಲಿಯೂ ಉಂಟು. ಅವರನ್ನು ಸರಿಯಾಗಿ ಅರಿಯಬೇಕಾದರೆ ಅದೇ ದಾರಿಯಲ್ಲಿ ಬಹುದೂರ ನಡೆದವರೊಬ್ಬರನ್ನು ಜೊತೆಗಿಟ್ಟುಕೊಂಡು ನೋಡುವುದು ಒಳ್ಳೆಯದು. ಆಟವು ಮನುಷ್ಯನ ಮೈಗೆ ನಾನಾ ವಿದ್ಯೆಗಳನ್ನು ಕಲಿಸುತ್ತದೆಂಬುದು ಎಲ್ಲರಿಗೂ ಗೊತ್ತು. ಅದು ಮುಖಕ್ಕೆ ಏನು ಕಲಿಸುತ್ತದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಚಿತ್ರದ ನಟನಿಗಾದರೋ ಮುಖವೇ ಮುಖ್ಯ ಬಂಡವಾಳ.

ಮೊದಲು ಆ ಆಟದ ಪರಿಚಯ ಮಾಡಿಕೊಳ್ಳೋಣ. ಅದಕ್ಕೆ ಫಿಗರ್ ಸ್ಕೇಟಿಂಗ್ ಎಂದು ಹೆಸರು. ಶಹಾಬಾದಿನ ಪರಸಿಕಲ್ಲನ್ನು ಉಜ್ಜಿ ನುಣುಪು ಮಾಡಿ, ಸಂದು ಕಾಣದಂತೆ ಹಾಸಿದ ವಿಶಾಲವಾದ ಅಂಗಳವನ್ನು ಕಣ್ಣಮುಂದೆ ತಂದುಕೊಳ್ಳಿ. ಅಂತಹ ಅಂಗಳ ಕಲ್ಲಿನದಾಗಿರದೆ ಹೆಪ್ಪುಗಟ್ಟಿದ ನೀರಿನದಾಗಿದ್ದರೆ ಅದೇ ಸ್ಕೇಟಿಂಗ್ ಕಣ. ಚಳಿನಾಡುಗಳಲ್ಲಿ ಕೆರೆಯೇ ಹೆಪ್ಪುಗಟ್ಟಿ ಕಣವಾಗುತ್ತದೆ. ಉಳಿದ ಕಡೆ ನೆಲದ ಕೆಳಗೆ ಕೊಳವೆಗಳನ್ನು ಹಾಸಿ, ಅವುಗಳಲ್ಲಿ ಅತಿ ತಣ್ಣನೆಯ ಉಪ್ಪುನೀರಿನಂತಹ ದ್ರವವನ್ನು ಹರಿಸಿ, ಮೇಲೆ ಪದರ ಪದರವಾಗಿ ನೀರು ಚಿಮುಕಿಸಿ ಹೆಪ್ಪುಗಟ್ಟಿಸುತ್ತಾರೆ. ಮಂಜುಗಡ್ಡೆ ಏಕೆ ಜಾರುತ್ತದೆ ಎಂಬುದಕ್ಕೆ, ಮೇಲಿನ ಭಾರಕ್ಕೆ ಅದು ಕರಗಿ ನೀರಾಗುತ್ತದೆಂದು ಹಿಂದೆ ಪಾಠಪುಸ್ತಕಗಳಲ್ಲಿ ಹೇಳುತ್ತಿದ್ದರು. ಆ ವಿವರಣೆ ಸಾಲದೆಂದು ಈಗ ತಿಳಿದುಬಂದಿದೆ. ಗಡ್ಡೆಯ ಒಳಗಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಹೊರಮೈಯ ಕಣಗಳಿಗೆ ಮೇಲುಗಡೆ ಹಿಡಿಯಲು ಜೊತೆಯಿಲ್ಲ. ಅದರಿಂದ ಅಲ್ಲಿ ತೀರ ತೆಳುವಾದ ಒಂದು ಸಡಿಲ ಪದರ ಇದ್ದೇ ಇರುತ್ತದೆ. ಮಳೆ ಬಿದ್ದ ಎರೆಹೊಲದ ಬದುವಿನ ಮೇಲೆ ನಡೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಟಗಾರರು ತೊಡುವ ಬೂಟಿನ ಅಡಿಗೆ ಉಕ್ಕಿನ ಅಲಗು ಇರುತ್ತದೆ. ದಪ್ಪ ಸುಮಾರು 4 ಮಿಲಿಮೀಟರ್. ಅಲಗಿನ ತಳದ ಉದ್ದಕ್ಕೂ ಸಣ್ಣ ತೋಡು ಕೊರೆದಿರುವುದರಿಂದ ಅದಕ್ಕೆ ಒಳ ಅಂಚು, ಹೊರ ಅಂಚು ಎಂದು ಎರಡು ಅಂಚುಗಳು. ಮೈಯನ್ನು ಯಾವ ಅಂಚಿನ ಕಡೆಗೆ ವಾಲಿಸುತ್ತೀರೋ ಆ ಕಡೆಗೆ ಅಲಗು ಬಾಗಿದ ಗೆರೆಯೆಳೆಯುತ್ತ ಹೋಗುತ್ತದೆ. ಫಿಗರ್ ಎಂದರೆ ಆಕೃತಿ. ನಮ್ಮ ಹೆಣ್ಣುಮಕ್ಕಳು ಬೆರಳಿನಿಂದ ರಂಗೋಲಿ ಹಾಕಿದಂತೆ ಈ ಆಟಗಾರರು ಕಾಲಿನಿಂದ ಮಂಜಿನ ಮೇಲೆ 8ರ ಅಂಕಿಯಂತಹ ಆಕೃತಿಗಳನ್ನು ಬರೆಯಬೇಕಾಗಿತ್ತು. ಬರೆದ ಗೆರೆಯ ಮೇಲೆಯೇ ಮತ್ತೆ ಮತ್ತೆ ಜಾರಿ ಬರೆಯಬೇಕಾಗಿತ್ತು. ತೀರ್ಪುಗಾರರು ಬಗ್ಗಿ ನಿಂತು ಗೆರೆ ಎಲ್ಲಿ ಕದಲಿದೆ ಎಂದು ಪರೀಕ್ಷಿಸುತ್ತಿದ್ದರು. ಒಂದು ಕಾಲದಲ್ಲಿ ಒಟ್ಟು ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ರಂಗೋಲಿಗೇ ಮೀಸಲಾಗಿದ್ದವು. ನೋಡುವವರಿಗೆ ಬೇಸರ, ಆಡುವವರಿಗೆ ಪ್ರಾಣಸಂಕಟ. 1990ರ ತರುವಾಯ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಇದನ್ನು ಕೈಬಿಟ್ಟರು. ಉಳಿದ ಪಾಲು ಸಂಗೀತಕ್ಕೆ ಹೊಂದಿಸಿಕೊಂಡು ಮಾಡುವ ಜಾರುನರ್ತನದ್ದು. ಅದರಲ್ಲಿ ನೆಗೆತಗಳಿವೆ, ಬುಗುರಿಯಂತೆ ನಿಂತಲ್ಲೇ ತಿರುಗುವುದಿದೆ. ತಿರುಗುವಾಗ ಚಾಚಿದ ತೋಳುಗಳನ್ನು ಎದೆಗೆ ಎಳೆದುಕೊಂಡರೆ ತಿರುಗುವ ವೇಗ ತಾನಾಗಿ ಏರುತ್ತದೆ. ಹೊಸದಾಗಿ ಬಲ ಹಾಕಬೇಕಾಗಿಲ್ಲ. ಮೈಯ ಭಾರ ನಡುವಿಗೆ ಹತ್ತಿರ ಬಂದಷ್ಟೂ ಸುತ್ತು ಚುರುಕಾಗುವುದು ಪ್ರಕೃತಿಯ ನಿಯಮ.

ನಮ್ಮ ದೇಶದಲ್ಲಿಯೂ ಈ ಆಟ ಅಪರಿಚಿತವಲ್ಲ. ಶಿಮ್ಲಾದಲ್ಲಿ 1920ರಿಂದ ಚಳಿಗಾಲದ ತೆರೆದ ಕಣವೊಂದಿದೆ. ಮಂಜಿಲ್ಲದ ಊರುಗಳಲ್ಲಿ ಚಕ್ರದ ಬೂಟು ಕಟ್ಟಿಕೊಂಡು ಇದೇ ಕಲೆಯನ್ನು ಗಚ್ಚಿನ ನೆಲದ ಮೇಲೆ ಆಡುತ್ತಾರೆ. 2010ರಲ್ಲಿ ಚೀನಾದ ಗುವಾಂಗ್ಜೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅನೂಪ್ ಕುಮಾರ್ ಯಾಮ ಅವರು ಹೀಗೆ ಚಕ್ರದ ಬೂಟಿನ ನರ್ತನದಲ್ಲಿ ಭಾರತಕ್ಕೆ ಕಂಚಿನ ಪದಕ ತಂದರು. ಬೆಂಗಳೂರು, ಬೆಳಗಾವಿಗಳಲ್ಲಿ ಸಂಜೆಯ ಹೊತ್ತು ಚಕ್ರದ ಬೂಟು ತೊಟ್ಟ ಮಕ್ಕಳ ಸಾಲನ್ನು ನೀವು ಕಂಡಿರಬಹುದು.

ಈಗ ಕಥಾನಾಯಕಿಯ ಬಳಿಗೆ ಬರೋಣ. ಆಕೆಯ ಹೆಸರು ಸೋನ್ಯಾ ಹೆನಿ. 1912ನೆಯ ಇಸವಿ ಏಪ್ರಿಲ್ 8ರಂದು ನಾರ್ವೆ ದೇಶದ ರಾಜಧಾನಿಯಲ್ಲಿ ಜನನ. ಇಂದು ಓಸ್ಲೋ ಎನ್ನುವ ಆ ಪಟ್ಟಣಕ್ಕೆ ಅಂದು ಕ್ರಿಸ್ತಿಯಾನಿಯಾ ಎಂಬ ಹೆಸರಿತ್ತು. ತಂದೆ ತುಪ್ಪುಳು ಚರ್ಮದ ದೊಡ್ಡ ವ್ಯಾಪಾರಿ. ಸೈಕಲ್ ಪಂದ್ಯದಲ್ಲಿ ಒಮ್ಮೆ ಜಗತ್ತನ್ನು ಗೆದ್ದವರು. ಮಗಳ ಅಭ್ಯಾಸಕ್ಕೆ ಹಣವನ್ನೂ ವೇಳೆಯನ್ನೂ ಲೆಕ್ಕವಿಲ್ಲದೆ ಸುರಿದರು. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಮೊದಲ ಬಾರಿಗೆ ನಡೆದಾಗ ಸೋನ್ಯಾಳ ವಯಸ್ಸು 11. ಎಂಟು ಮಂದಿ ಸ್ಪರ್ಧಿಗಳಲ್ಲಿ ಆಕೆಗೆ ಎಂಟನೆಯ ಸ್ಥಾನ. ನರ್ತನದ ನಡುವೆ ಮುಂದಿನ ಹೆಜ್ಜೆ ಮರೆತು, ಕಣದ ಅಂಚಿಗೆ ಜಾರಿ ಹೋಗಿ, ಮುಂದೇನೆಂದು ಗುರುವನ್ನು ಕೇಳಿ ಬಂದಳಂತೆ!

ಮೂರು ವರ್ಷ ಕಳೆಯಿತು. 1927ರ ವಿಶ್ವಸ್ಪರ್ಧೆ ಓಸ್ಲೋದಲ್ಲಿಯೇ ಏರ್ಪಾಡಾಯಿತು. 14 ವರ್ಷದ ಸೋನ್ಯಾ ಅದರಲ್ಲಿ ಗೆದ್ದಳು. ಆದರೆ ಗೆಲುವಿನ ಹಿಂದೆಯೇ ಗುಲ್ಲೆದ್ದಿತು: ಐವರು ತೀರ್ಪುಗಾರರಲ್ಲಿ ಮೂವರು ನಾರ್ವೆಯವರೇ, ಆ ಮೂವರೂ ತಮ್ಮ ಹುಡುಗಿಯನ್ನೇ ಮೊದಲಿಟ್ಟಿದ್ದರು, ಉಳಿದಿಬ್ಬರು ಆಸ್ಟ್ರಿಯದ ಹೆರ್ಮಾ ಸಾಬೊ ಅವರನ್ನು. ಈ ಗುಲ್ಲಿನ ಫಲವಾಗಿ ಒಂದು ದೇಶಕ್ಕೆ ಒಬ್ಬರೇ ತೀರ್ಪುಗಾರರೆಂಬ ನಿಯಮ ಬಂದಿತು. ಜಾತ್ರೆಯ ಕುಸ್ತಿಯಲ್ಲಿ ಊರಿನವನೇ ಪಂಚನಾದರೆ ಹೊರಗಿನ ಪೈಲವಾನನಿಗೆ ಏನಾಗುತ್ತದೆಂದು ಬಲ್ಲ ನಮಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಆ ಹುಡುಗಿಯ ಮಟ್ಟಿಗೆ ಸಂಶಯ ಹೆಚ್ಚು ದಿನ ಉಳಿಯಲಿಲ್ಲ. 1928ರಲ್ಲಿ ಸೇಂಟ್ ಮೊರಿಟ್ಜ್, 1932ರಲ್ಲಿ ಲೇಕ್ ಪ್ಲಾಸಿಡ್, 1936ರಲ್ಲಿ ಗಾರ್ಮಿಶ್ — ಮೂರು ಒಲಿಂಪಿಕ್ಸ್‌ಗಳಲ್ಲಿಯೂ ಚಿನ್ನ. 1927ರಿಂದ 1936ರವರೆಗೆ ಹತ್ತು ವರ್ಷ ಒಂದೂ ಬಿಡದೆ ವಿಶ್ವಪ್ರಶಸ್ತಿ. ಹೊಸ ತೀರ್ಪುಗಾರರೂ ಅದನ್ನೇ ಹೇಳಿದರೆಂದ ಮೇಲೆ ಮಾತೇನಿದೆ?

ಆಕೆ ತಂದ ಬದಲಾವಣೆ ಪದಕಗಳಿಗಿಂತ ದೊಡ್ಡದು. ಅಲ್ಲಿಯವರೆಗೆ ಹೆಂಗಸರು ಕಾಲು ಮುಚ್ಚುವ ಉದ್ದ ಲಂಗ ತೊಟ್ಟು ಆಡುತ್ತಿದ್ದರು. ನೆಗೆತಕ್ಕೆ ಅದು ತೊಡಕು. ಹನ್ನೊಂದು ವರ್ಷದ ಹುಡುಗಿಯಾಗಿ ಸೋನ್ಯಾ ಗಿಡ್ಡ ಲಂಗ ತೊಟ್ಟರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ದೊಡ್ಡವಳಾದ ಮೇಲೂ ಅದನ್ನೇ ತೊಟ್ಟಳು; ಉಳಿದವರೂ ತೊಟ್ಟರು. ಬ್ಯಾಲೆ ನರ್ತಕಿ ಆನಾ ಪಾವ್ಲೋವಾ ಅವರ ಕುಣಿತಕ್ಕೆ ಮನಸೋತು, ಬ್ಯಾಲೆಯ ಕೈಚಲನೆ, ಕೊರಳ ಬಾಗು, ಸಂಗೀತದೊಡನೆ ಉಸಿರಾಡುವ ರೀತಿ ಇವನ್ನು ಮಂಜಿನ ಕಣಕ್ಕೆ ತಂದಳು. ಬಿಡಿ ಬಿಡಿಯಾಗಿ ಸಾಹಸಗಳನ್ನು ಮಾಡಿ ತೋರಿಸುತ್ತಿದ್ದ ಆಟಕ್ಕೆ ಮೊದಲು, ನಡು, ಕೊನೆ ಎಂಬ ಕಟ್ಟು ಬಂದಿತು. ಸಾಹಸದ ಲೆಕ್ಕದಲ್ಲಿ ಇಂದಿನವರು ಆಕೆಯನ್ನು ಎಷ್ಟೋ ಮೀರಿಸಿದ್ದಾರೆ. ನಾರ್ವೆಯವನೇ ಆದ ಆಕ್ಸೆಲ್ ಪಾಲ್ಸನ್ 1882ರಲ್ಲಿ ತೋರಿಸಿದ ಒಂದೂವರೆ ಸುತ್ತಿನ ನೆಗೆತ ಸೋನ್ಯಾಳ ಕಾಲದ ಹೆಂಗಸರಿಗೆ ದೊಡ್ಡ ಸಾಹಸವಾಗಿತ್ತು. 2022ರಲ್ಲಿ ಅಮೆರಿಕದ ಇಲ್ಯಾ ಮಾಲಿನಿನ್ ಅದೇ ನೆಗೆತವನ್ನು ನಾಲ್ಕೂವರೆ ಸುತ್ತು ಮಾಡಿ ನಿಂತ. ಹೀಗಿದ್ದೂ ಇಂದು ಆ ಹುಡುಗ ಸಂಗೀತಕ್ಕೆ ಮೈಯೊಡ್ಡಿ ನಿಲ್ಲುವ ರೀತಿಯಲ್ಲಿ ಸೋನ್ಯಾಳ ಗುರುತು ಇದೆ.

ಮುಖದ ವಿಷಯ ಇಲ್ಲಿಂದಲೇ ಪ್ರಾರಂಭ. ಈ ಆಟದಲ್ಲಿ ಗಡಿಯಾರವಿಲ್ಲ, ಅಳತೆಯ ಪಟ್ಟಿಯಿಲ್ಲ; ನೋಡಿ ಅಂಕ ಕೊಡುವ ಕಣ್ಣುಗಳಿವೆ. ಆದುದರಿಂದ ಎದೆ ಉಬ್ಬಸಪಡುತ್ತಿದ್ದರೂ ಮುಖ ಅದನ್ನು ಹೇಳಬಾರದು. ಬಿದ್ದರೆ ನೋವು ತೋರದೆ ಎದ್ದು ಸಂಗೀತದ ಮುಂದಿನ ತಾಳಕ್ಕೆ ಕೂಡಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷ ಇದನ್ನೇ ಅಭ್ಯಾಸ ಮಾಡಿದವಳು ನಟನೆಯ ಅರ್ಧ ದಾರಿಯನ್ನು ಕ್ರಮಿಸಿರುತ್ತಾಳೆ. ಆ ಅರ್ಧ ಹೇಗೆ ಒದಗಿತು, ಉಳಿದ ಅರ್ಧ ಹೇಗೆ ತೊಡಕಾಯಿತು ಎಂಬುದೇ ಸೋನ್ಯಾ ಹೆನಿ ಅವರ ಮುಂದಿನ ಬಾಳು.

1936ರಲ್ಲಿ, 24ರ ವಯಸ್ಸಿನಲ್ಲಿ, ಅವರು ಸ್ಪರ್ಧೆಯಿಂದ ಹೊರಬಂದರು. ಹೊರಬಂದರೆ ಮತ್ತೆ ಒಳಗೆ ಹೋಗುವಂತಿರಲಿಲ್ಲ. ಆ ಕಾಲದ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ. ತನ್ನ ಆಟಕ್ಕೆ ಹಣ ಪಡೆದವನು ವೃತ್ತಿಗಾರನೆನಿಸಿ ಶಾಶ್ವತವಾಗಿ ಹೊರಗಾಗುತ್ತಿದ್ದ. ಈ ಕಟ್ಟು ಸಡಿಲವಾದದ್ದು 1970ರ ದಶಕದಿಂದೀಚೆಗೆ. ಹವ್ಯಾಸಿಯ ಧರ್ಮ ಉದಾತ್ತವಾಗಿ ಕಾಣುತ್ತದೆ, ನಿಜ. ಆದರೆ ಸಿರಿವಂತ ತಂದೆಯಿದ್ದವರು ಮಾತ್ರ ಅದನ್ನು ಬಹುಕಾಲ ಪಾಲಿಸಬಲ್ಲರೆಂಬುದನ್ನು ಆ ನಿಯಮ ಮಾಡಿದವರು ಲೆಕ್ಕಿಸಿದಂತೆ ಕಾಣುವುದಿಲ್ಲ.

ಹಾಲಿವುಡ್ಡಿಗೆ ಹೋದ ಸೋನ್ಯಾ ಯಾವ ನಿರ್ಮಾಪಕನ ಬಾಗಿಲನ್ನೂ ತಟ್ಟಲಿಲ್ಲ. ತಂದೆ ಆ ಊರಿನ ಮಂಜಿನ ಕಣವೊಂದನ್ನು ಬಾಡಿಗೆಗೆ ಹಿಡಿದರು. ಮಗಳ ಪ್ರದರ್ಶನ ಏರ್ಪಡಿಸಿದರು. ಚಿತ್ರರಂಗದವರೇ ಬಂದು ನೋಡಿದರು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಡ್ಯಾರಿಲ್ ಜಾನಕ್ ಕರಾರು ಮಾಡಿಕೊಂಡರು. ಅದೇ ವರ್ಷದ ಕೊನೆಗೆ ‘ಒನ್ ಇನ್ ಎ ಮಿಲಿಯನ್’ ತೆರೆಕಂಡಿತು. ಕಥೆ ಏನೆಂದಿರಿ? ಒಲಿಂಪಿಕ್ಸ್‌ಗೆ ಸಿದ್ಧಳಾಗುತ್ತಿರುವ ಸ್ವಿಟ್ಜರ್ಲೆಂಡಿನ ಹುಡುಗಿಯೊಬ್ಬಳ ಕಥೆ. ಹವ್ಯಾಸಿ, ವೃತ್ತಿಗಾರ ಎಂಬ ತೊಡಕೂ ಅದರಲ್ಲಿ ಸೇರಿದೆ. ಎಂದರೆ ನಟಿಗೆ ಮೊದಲು ದೊರೆತ ಪಾತ್ರ ಬಹುಪಾಲು ತಾನೇ. ಈ ಸಂಗತಿಯನ್ನು ನೆನಪಿನಲ್ಲಿಡಿ. ನಮ್ಮ ನಾಡಿನ ಕಥೆಗೆ ಬಂದಾಗ ಮತ್ತೆ ಬೇಕಾಗುತ್ತದೆ.

1937ರ ‘ಥಿನ್ ಐಸ್’, 1938ರ ‘ಹ್ಯಾಪಿ ಲ್ಯಾಂಡಿಂಗ್’, 1941ರ ‘ಸನ್ ವ್ಯಾಲಿ ಸೆರೆನೇಡ್’ ಹೀಗೆ ಒಂದರ ಮೇಲೊಂದು ಚಿತ್ರ ಬಂದವು. ಆ ವರ್ಷಗಳಲ್ಲಿ ಹಾಲಿವುಡ್ಡಿನಲ್ಲಿ ಅತ್ಯಧಿಕ ಸಂಭಾವನೆ ಪಡೆಯುವವರ ಸಾಲಿನಲ್ಲಿ ಅವರ ಹೆಸರಿತ್ತು. ಕ್ಯಾಮರಾಕ್ಕಾಗಿ ಕಣವೂ ವೇಷ ಹಾಕಿತು. ಬಿಳಿಯ ಮಂಜಿನ ಮೇಲೆ ಬಿಳಿಯ ಉಡುಪು ಕಾಣಿಸದೆಂದು ‘ಸನ್ ವ್ಯಾಲಿ ಸೆರೆನೇಡ್’ನ ಕೊನೆಯ ನರ್ತನಕ್ಕೆ ನೀರಿನಲ್ಲಿ ಕಪ್ಪು ಬಣ್ಣ ಬೆರೆಸಿ ಕಣವನ್ನು ಕನ್ನಡಿಯಂತೆ ಮಾಡಿದರು. ಅಲ್ಲಿ ಬಿದ್ದರೆ ಬಿಳಿ ಉಡುಪೆಲ್ಲ ಕರಿ. ಸ್ಪರ್ಧೆಯಲ್ಲಿ ನಾಲ್ಕು ನಿಮಿಷದ ನರ್ತನ ಒಂದೇ ಉಸಿರಿನಲ್ಲಿ ಮುಗಿಯುತ್ತದೆ, ತಪ್ಪಿದರೆ ತಪ್ಪಿತು. ಚಿತ್ರದಲ್ಲಿ ಅದನ್ನೇ ತುಂಡು ತುಂಡಾಗಿ, ಬೆಳಕು ಹೊಂದಿಸಿಕೊಳ್ಳುವವರೆಗೆ ಕಾದು, ಸಾಕೆನ್ನುವವರೆಗೆ ಮತ್ತೆ ಮತ್ತೆ ಮಾಡಬೇಕು. ಒಂದು ಆಟಗಾರನ ಧೈರ್ಯ, ಇನ್ನೊಂದು ನೇಕಾರನ ತಾಳ್ಮೆ.

ಇನ್ನು ಅಭಿನಯ. ನಗು, ಕಣ್ಣಿನ ಚುರುಕು, ಮುದ್ದು ಮುದ್ದಾದ ಹಟ ಇವುಗಳಲ್ಲಿ ಸೋನ್ಯಾ ಸೋಲಲಿಲ್ಲ. ಕಣವೇ ಅವನ್ನು ಕಲಿಸಿತ್ತು. ನಾರ್ವೆಯ ಉಚ್ಚಾರ ಕಡೆಯವರೆಗೂ ಉಳಿಯಿತು. ಪರದೇಶದ ಹುಡುಗಿಯ ಪಾತ್ರಗಳನ್ನೇ ಬರೆದು ಅದನ್ನು ಸರಿದೂಗಿಸಿದರು. ಆದರೆ ಅಲಗಿನ ಬೂಟು ಕಳಚಿಟ್ಟು ಕುರ್ಚಿಯ ಮೇಲೆ ಕುಳಿತು, ಎದುರಿಗಿರುವವನ ಮಾತನ್ನು ಕೇಳುತ್ತ ಒಳಗೊಳಗೇ ಬದಲಾಗುವ ದೃಶ್ಯಗಳಲ್ಲಿ ಅವರು ಸಾಮಾನ್ಯ ನಟಿ. ಸದಾ ನಗುವುದನ್ನು ಕಲಿತ ಮುಖಕ್ಕೆ ನಗದಿರುವುದು ಕಷ್ಟವಾಯಿತೆಂದು ತೋರುತ್ತದೆ. ಕಥೆ ಹೇಗೇ ತಿರುಗಲಿ, ಕೊನೆಗೆ ಎಲ್ಲಿಂದಲಾದರೂ ಒಂದು ಮಂಜಿನ ಕಣ ಬರಲೇಬೇಕಾಗಿತ್ತು. ಪ್ರೇಕ್ಷಕರಿಗೆ ಕಣದ ಬೆರಗು ಹಳತಾದಂತೆ ಚಿತ್ರಗಳೂ ಕಡಿಮೆಯಾದವು. 1948ರ ‘ದಿ ಕೌಂಟೆಸ್ ಆಫ್ ಮಾಂಟೆ ಕ್ರಿಸ್ಟೊ’ದೊಂದಿಗೆ ಹಾಲಿವುಡ್ಡಿನ ಅಧ್ಯಾಯ ಮುಗಿಯಿತು.

ಈ ಬಾಳಿನಲ್ಲಿ ಒಂದು ಕಪ್ಪು ಚುಕ್ಕೆಯನ್ನು ಹೇಳದೆ ಮುಂದೆ ಹೋಗಲಾಗದು. 1936ರಲ್ಲಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಅವರು ಹಿಟ್ಲರನಿಗೆ ನಾಜಿ ರೀತಿಯಲ್ಲಿ ಕೈಯೆತ್ತಿ ವಂದಿಸಿದರು. ಆಮೇಲೆ ಅವನೊಡನೆ ಊಟಕ್ಕೂ ಕುಳಿತರು. ನಾರ್ವೆಯ ಪತ್ರಿಕೆಗಳು ಕಟುವಾಗಿ ಬರೆದವು. ನಾಲ್ಕೇ ವರ್ಷಗಳಲ್ಲಿ ಅದೇ ಹಿಟ್ಲರನ ಸೈನ್ಯ ನಾರ್ವೆಯನ್ನು ಆಕ್ರಮಿಸಿತು. ಆ ನಾಡಿನ ಜನ ಇದನ್ನು ಬಹುಕಾಲ ಮರೆಯಲಿಲ್ಲ. ಮೇಲಿನ ಗ್ಯಾಲರಿಯಲ್ಲಿ ಕುಳಿತವರು ಯಾರೇ ಆಗಲಿ ಅವರ ಕಡೆ ತಿರುಗಿ ನಗುವುದು ಪ್ರದರ್ಶನದ ಅಭ್ಯಾಸವೆಂದು ಕೆಲವರು ಸಮಾಧಾನ ಹೇಳುತ್ತಾರೆ. ಆ ಸಮಾಧಾನ ನನಗೆ ಒಪ್ಪಿಗೆಯಿಲ್ಲ. 24ರ ಹೆಣ್ಣಿಗೆ ಆ ವರ್ಷದ ಜರ್ಮನಿಯಲ್ಲಿ ಏನು ನಡೆಯುತ್ತಿತ್ತೆಂಬುದು ತಿಳಿಯಬಾರದ ವಿಷಯವೇನಾಗಿರಲಿಲ್ಲ.

ಚಿತ್ರಗಳ ಜೊತೆಜೊತೆಗೆ ಅವರು ಊರೂರಿಗೆ ಕೊಂಡೊಯ್ದ ಮಂಜಿನ ನರ್ತನದ ತಂಡವೇ ಅವರ ನಿಜವಾದ ಸಂಪತ್ತು. ನಮ್ಮ ಕಂಪನಿ ನಾಟಕಗಳು ಜಾತ್ರೆಯಿಂದ ಜಾತ್ರೆಗೆ ಬಿಡಾರ ಹೂಡಿದಂತೆ ಈ ತಂಡ ಅಮೆರಿಕದ ಪಟ್ಟಣಗಳಲ್ಲಿ ಸುತ್ತುತ್ತಿತ್ತು. ಆರ್ಥರ್ ವಿರ್ಟ್ಸ್ ಎಂಬ ವ್ಯವಸ್ಥಾಪಕರೊಡನೆ ಇದ್ದಷ್ಟು ಕಾಲ ಸುಗಮವಾಗಿತ್ತು. ಬೇರೆಯಾಗಿ ಸ್ವಂತ ತಂಡ ಕಟ್ಟಿದ ಮೇಲೆ, 1952ರಲ್ಲಿ ಬಾಲ್ಟಿಮೋರಿನಲ್ಲಿ ಪ್ರದರ್ಶನಕ್ಕೆ ಮೊದಲು ಪ್ರೇಕ್ಷಕರ ಅಟ್ಟಣೆ ಕುಸಿದು ನೂರಾರು ಜನರಿಗೆ ಗಾಯಗಳಾದವು. ಅಲ್ಲಿಂದ ಇಳಿಗಾಲ. ಮುಂದೆ ನಾರ್ವೆಯ ಹಡಗು ಸಾಹುಕಾರ ನೀಲ್ಸ್ ಉನ್‌ಸ್ಟಾಡ್ ಅವರನ್ನು ಮದುವೆಯಾಗಿ, ಇಬ್ಬರೂ ಸೇರಿ ಆಧುನಿಕ ಚಿತ್ರಕಲೆಯ ದೊಡ್ಡ ಸಂಗ್ರಹ ಮಾಡಿದರು. ಓಸ್ಲೋದ ಬಳಿ ಅದಕ್ಕಾಗಿ ಕಟ್ಟಿದ ಕಲಾಕೇಂದ್ರ 1968ರಲ್ಲಿ ತೆರೆಯಿತು. 1969ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಸೋನ್ಯಾ, ಪ್ಯಾರಿಸಿನಿಂದ ಓಸ್ಲೋಗೆ ಬರುವ ವಿಮಾನದಲ್ಲಿಯೇ ಪ್ರಾಣಬಿಟ್ಟರು. ಆಗ ವಯಸ್ಸು 57.

ನಾರ್ವೆಯಿಂದ ಈಗ ಮೈಸೂರಿನ ಗರಡಿಗೆ ಬರೋಣ. ಎಂ.ಪಿ. ಶಂಕರ್ ಅವರ ಹೆಸರು ನಿಮಗೆ ಹೊಸದಲ್ಲ. ಕುಸ್ತಿಯಲ್ಲಿ ಬೆಳೆದ ಮೈ. ನಾಟಕದ ಮೂಲಕ 1960ರ ದಶಕದ ಮೊದಲಲ್ಲಿ ಚಿತ್ರರಂಗಕ್ಕೆ ಬಂದರು. ಪೈಲವಾನನ ಮುಖಕ್ಕೆ ಆಟ ಕಲಿಸುವುದು ಬೇರೆಯೇ ಪಾಠ. ತಾನು ಯಾವ ಪಟ್ಟು ಹಾಕಲಿದ್ದೇನೆಂಬುದು ಎದುರಾಳಿಗೆ ತಿಳಿಯಬಾರದು. ಮುಖ ಮುಚ್ಚಿದ ಬಾಗಿಲಿನಂತಿರಬೇಕು. ಅಂತಹ ಮೈಯನ್ನು ಕಂಡೊಡನೆ ಚಿತ್ರದವರು ಖಳನ, ಮಲ್ಲನ, ರಾಕ್ಷಸನ ಪಾತ್ರ ಕೊಡುವುದು ಸಹಜ. ಶಂಕರ್ ಅವರಿಗೂ ಹಾಗೆಯೇ ಆಯಿತು. ಆದರೆ 1965ರ ‘ಸತ್ಯ ಹರಿಶ್ಚಂದ್ರ’ದ ವೀರಬಾಹುವನ್ನು ನೆನೆದುಕೊಳ್ಳಿ. ಸುಡುಗಾಡು ಕಾಯುವ ಆ ಒಡೆಯನ ಪಾತ್ರದಲ್ಲಿ ಕುಸ್ತಿಯ ಒಂದು ಪಟ್ಟೂ ಇಲ್ಲ. ಇರುವುದು ಆ ಗಾತ್ರದ ಮೈ ಲಯಕ್ಕೆ ಹಗುರಾಗಿ ತೂಗುವ ಬೆಡಗು, ಕಣ್ಣಿನಲ್ಲಿ ಕುಣಿಯುವ ತುಂಟತನ. ಗರಡಿ ಮುಚ್ಚಿಸಿದ್ದ ಬಾಗಿಲನ್ನು ರಂಗಭೂಮಿ ತೆರೆಸಿತ್ತು. 1973ರಲ್ಲಿ ‘ಗಂಧದ ಗುಡಿ’ಯನ್ನು ನಿರ್ಮಿಸಿದವರೂ ಅವರೇ. ಸೋನ್ಯಾ ಅವರಿಗೆ ಇಲ್ಲದಿದ್ದ ಅನುಕೂಲ ಇವರಿಗಿತ್ತು: ಆಟಕ್ಕೂ ಕ್ಯಾಮರಾಕ್ಕೂ ನಡುವೆ ನಾಟಕದ ಕೆಲವು ವರ್ಷಗಳು.

ಹೆಣ್ಣುಮಕ್ಕಳಲ್ಲಿ ಈ ದಾರಿ ಹಿಡಿದವರು ಕೊಡಗಿನ ಅಶ್ವಿನಿ ನಾಚಪ್ಪ. 1967ರಲ್ಲಿ ಜನನ, ಓಟಗಾರ್ತಿಯಾಗಿ ಬೆಳೆದದ್ದು ಬೆಂಗಳೂರಿನಲ್ಲಿ. 1980ರ ದಶಕದಲ್ಲಿ ಭಾರತದಲ್ಲಿ ಹೆಂಗಸರ ಓಟವೆಂದರೆ ಕೇರಳದ ಪಿ.ಟಿ. ಉಷಾ ಅವರದೇ ಹೆಸರು. 1984ರಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ ಕಂಚು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ತಪ್ಪಿಹೋದ ಕಥೆಯನ್ನು ದೇಶವೇ ಬಲ್ಲದು. ಅಂತಹ ಉಷಾ ಅವರನ್ನು ಆ ದಶಕ ಮುಗಿಯುವ ಹೊತ್ತಿಗೆ ದೆಹಲಿಯ ಕೂಟದಲ್ಲಿ ಅಶ್ವಿನಿ ಹಿಂದೆ ಹಾಕಿದರು. ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಪದಕ ಗೆದ್ದರು. 1988ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಅದೇ ವರ್ಷ ಸಿಯೋಲಿನಲ್ಲಿ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಬಣ್ಣಬಣ್ಣದ ಓಟದುಡುಪು ತೊಟ್ಟು, ಉಗುರಿಗೆ ಬಣ್ಣ ಬಳಿದು ಓಡಿ ಜಗತ್ತನ್ನು ಬೆರಗುಗೊಳಿಸಿದ್ದರು. ಆಕೆಯನ್ನು ಫ್ಲೋಜೋ ಎಂದು ಕರೆಯುತ್ತಿದ್ದರು. ನಮ್ಮ ಪತ್ರಿಕೆಗಳು ಅಶ್ವಿನಿಯವರನ್ನು ಭಾರತದ ಫ್ಲೋಜೋ ಎಂದವು. ಓಟದ ಕಣದಲ್ಲಿ ಹೆಣ್ಣು ಅಂದವಾಗಿಯೂ ಕಾಣಬಹುದೆಂಬ ಮಾತು ಅಂದು ಹಲವರಿಗೆ ಇರುಸುಮುರುಸು. ಸೋನ್ಯಾರ ಗಿಡ್ಡ ಲಂಗಕ್ಕೂ ಇದಕ್ಕೂ ನಡುವೆ 60 ವರ್ಷಗಳ ಅಂತರ. ಹುಬ್ಬು ಗಂಟಿಕ್ಕಿದವರ ಮಾತು ಮಾತ್ರ ಹೆಚ್ಚು ಬದಲಾಗಿರಲಿಲ್ಲ.

1991ರಲ್ಲಿ ‘ಅಶ್ವಿನಿ’ ಎಂಬ ತೆಲುಗು ಚಿತ್ರ ಬಂದಿತು. ರಾಮೋಜಿ ರಾವ್ ಅವರ ಉಷಾಕಿರಣ್ ಮೂವೀಸ್ ನಿರ್ಮಾಣ, ಮೌಳಿ ಅವರ ನಿರ್ದೇಶನ. ಓಟಗಾರ್ತಿಯ ಬಾಳಿನಿಂದಲೇ ಎತ್ತಿಕೊಂಡ ಕಥೆ. ನಾಯಕಿಯ ಪಾತ್ರಕ್ಕೆ ಅಶ್ವಿನಿಯವರೇ. ಸೋನ್ಯಾ ಅವರಿಗೆ ದೊರೆತ ಮೊದಲ ಪಾತ್ರ ನೆನಪಿದೆಯಷ್ಟೆ? ವಯಸ್ಸೂ ಅದೇ, 24ರ ಆಸುಪಾಸು. ಕೊಡಗಿನ ಹೆಣ್ಣುಮಗಳ ಕಥೆಯನ್ನು ಮೊದಲು ತೆರೆಗೆ ತಂದವರು ನೆರೆಯವರೆಂಬುದು ಕನ್ನಡಿಗರಾದ ನಾವು ಸ್ವಲ್ಪ ಯೋಚಿಸಬೇಕಾದ ವಿಷಯ. ನಮ್ಮ ಭಾಗದವರಿಗೆ ಅದರಿಂದ ಅಡ್ಡಿಯೇನೂ ಆಗದು. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹೋಗುವ ರೈಲು ತಾಂಡೂರು ದಾಟಿ ಹೈದರಾಬಾದಿನ ಕಡೆ ಹೊರಳುತ್ತದೆ. 1956ರವರೆಗೆ ನಾವೂ ಆ ಸಂಸ್ಥಾನದವರೇ. ತೆಲುಗು ಚಿತ್ರಕ್ಕೆ ಇಲ್ಲಿ ಅರ್ಥ ಹೇಳಬೇಕಾದವರು ಕಡಿಮೆ.

ಓಟ ಮುಖಕ್ಕೆ ಏನು ಕಲಿಸುತ್ತದೆ? ಇದು ಎಲ್ಲಕ್ಕಿಂತ ವಿಚಿತ್ರ. ವೇಗದ ಓಟದ ತರಬೇತಿಯಲ್ಲಿ ಮುಖವನ್ನು ಸಡಿಲ ಬಿಡುವುದನ್ನೇ ಕಲಿಸುತ್ತಾರೆ. ಹಲ್ಲು ಕಚ್ಚಿದರೆ ದವಡೆ ಬಿಗಿಯುತ್ತದೆ, ದವಡೆಯಿಂದ ಕೊರಳು, ಕೊರಳಿನಿಂದ ಭುಜ. ಭುಜ ಬಿಗಿದರೆ ತೋಳಿನ ಬೀಸು ಮೊಟಕಾಗಿ ಹೆಜ್ಜೆಯೂ ಮೊಟಕಾಗುತ್ತದೆ. ಒಳ್ಳೆಯ ಓಟಗಾರರ ಕೆನ್ನೆ ಓಡುವಾಗ ಜೋಲಾಡುವುದನ್ನು ನಿಧಾನಗತಿಯ ಚಿತ್ರಗಳಲ್ಲಿ ನೋಡಿ. ಗಡಿಯಾರ ಕಾಲನ್ನು ಮಾತ್ರ ಕೇಳುತ್ತದೆ. ಮುಖದಲ್ಲಿ ಏನಿದ್ದರೂ ಅದಕ್ಕೆ ಬೇಡ. ಎಂದರೆ ಓಟಗಾರ್ತಿ ವರ್ಷಗಟ್ಟಲೆ ಅಭ್ಯಾಸದಿಂದ ಮುಖವನ್ನು ಬರಿದು ಮಾಡಿಕೊಂಡಿರುತ್ತಾಳೆ. ನಟನೆಯಲ್ಲಿ ಕ್ಯಾಮರಾ ಮುಖದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಸ್ಕೇಟಿಂಗ್‌ನವರಂತೆ ಅರ್ಧ ದಾರಿ ಮೊದಲೇ ಕ್ರಮಿಸಿದ ಅನುಕೂಲ ಇಲ್ಲಿಲ್ಲ. ಪೈಲವಾನನಿಗೆ ಒದಗಿದ ನಾಟಕದ ವರ್ಷಗಳೂ ಇಲ್ಲ. ಅಶ್ವಿನಿಯವರು ಓಟದ ಕಣದಿಂದ ನೇರವಾಗಿ ಕ್ಯಾಮರಾದ ಮುಂದೆ ಬಂದು ನಿಂತರು. ಅದು ಎಷ್ಟು ಧೈರ್ಯದ ಕೆಲಸವೆಂಬುದು ಹೀಗೆ ನೋಡಿದಾಗಲೇ ತಿಳಿಯುವುದು.

ಆದರೆ ಬರಿದಾದ ಮುಖಕ್ಕೂ ಒಂದು ಲಾಭವಿದೆ: ಅದು ಸುಳ್ಳು ಹೇಳಿ ಅಭ್ಯಾಸವಾದ ಮುಖವಲ್ಲ. ಓಟದ ದೃಶ್ಯಗಳಲ್ಲಿ ಈ ಚಿತ್ರಕ್ಕೆ ಇರುವ ಬಲ ಬೇರೆಯ ನಟಿಯಿಂದ ಬರುವಂತಿರಲಿಲ್ಲ. ಓಡಲು ಬಾರದ ನಟಿಯನ್ನು ಎದೆಯಿಂದ ಮೇಲಕ್ಕೆ ಮಾತ್ರ ತೋರಿಸಿ, ಕಾಲು ಬೇರೊಬ್ಬರದು ಹಾಕಿ, ನಡುವೆ ಪ್ರೇಕ್ಷಕರ ಚಪ್ಪಾಳೆ ತುಂಬಿ ಹೊಂದಿಸುವುದು ಚಿತ್ರದವರ ಹಳೆಯ ಉಪಾಯ. 200 ಮೀಟರ್ ಓಟ ನಿಜಕ್ಕೆ 25 ಸೆಕೆಂಡಿನೊಳಗೆ ಮುಗಿಯುವ ವ್ಯವಹಾರ. ತೆರೆಯ ಮೇಲೆ ಅದನ್ನು ನಿಮಿಷಗಟ್ಟಲೆ ಎಳೆಯಬೇಕು. ಮೊಣಕಾಲು ಏರುವ ಎತ್ತರ, ಪಾದ ನೆಲ ಮುಟ್ಟಿದೊಡನೆ ಬಿಡುವ ರೀತಿ ನಿಜವಾಗಿದ್ದರೆ ಎಷ್ಟು ಎಳೆದರೂ ಹಳಸುವುದಿಲ್ಲ.

ಆಮೇಲೆ 1993ರಲ್ಲಿ ‘ಇನ್‌ಸ್ಪೆಕ್ಟರ್ ಅಶ್ವಿನಿ’, 1995ರಲ್ಲಿ ‘ಮಿಸ್ 420’ ಮೊದಲಾದ ಕೆಲವು ಚಿತ್ರಗಳು ಬಂದವು. ಸೋನ್ಯಾರ ಪ್ರತಿ ಚಿತ್ರಕ್ಕೂ ಮಂಜಿನ ಕಣ ಬೇಕಾದಂತೆ ಅಶ್ವಿನಿಯವರ ಪಾತ್ರಗಳಿಗೂ ಚುರುಕು ಮೈ ಬೇಕಾಗುತ್ತಿತ್ತು; ಪೊಲೀಸ್ ಅಧಿಕಾರಿಣಿಯ ಪಾತ್ರ ಅದಕ್ಕೆ ಸುಲಭವಾದ ಅಂಗಿ. ಇಂತಹ ಪಾತ್ರಗಳು ಎಷ್ಟು ದಿನ ಬಂದಾವು? ಅವರು ಬಹುಕಾಲ ಅಲ್ಲಿ ನಿಲ್ಲಲಿಲ್ಲ. ಕೊಡಗಿಗೆ ಮರಳಿ, ಗೋಣಿಕೊಪ್ಪದಲ್ಲಿ ಕರುಂಬಯ್ಯ ಅಕಾಡೆಮಿ ಎಂಬ ಶಾಲೆಯನ್ನು ಪತಿಯೊಡನೆ ಕಟ್ಟಿದರು. ಓದು, ಆಟ ಎರಡಕ್ಕೂ ಸಮಪಾಲು ಎಂಬುದು ಆ ಶಾಲೆಯ ಹೆಸರಿನಲ್ಲಿಯೇ ಇದೆ. ಕ್ರೀಡಾಸಂಸ್ಥೆಗಳ ಆಡಳಿತ ಶುದ್ಧವಾಗಬೇಕೆಂದು ಹಳೆಯ ಆಟಗಾರರು ಕೂಡಿ ನಡೆಸಿದ ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ ಚಳವಳಿಯಲ್ಲಿಯೂ ಮುಂದೆ ನಿಂತರು.

ತಾಲ್ಲೂಕು ಕ್ರೀಡಾಕೂಟದಲ್ಲಿ ಮೊದಲು ಬಂದ ಮಗಳನ್ನು ಮನೆಗೆ ಕರೆತರುವಾಗ ನಮ್ಮ ತಂದೆ ತಾಯಂದಿರು ಕೇಳುವುದು ಒಂದೇ: ಓಡಿ ಮುಂದೇನು? ಈ ಪ್ರಶ್ನೆ ಅಸಡ್ಡೆಯದಲ್ಲ, ಭಯದ್ದು. ಓಟದ ಆಯುಷ್ಯ ಬಲು ಕಿರಿದು. 30ರ ಹೊತ್ತಿಗೆ ಬಹುಮಂದಿಯ ಕಾಲು ಸೋಲುತ್ತದೆ. ಆಮೇಲೆ 40 ವರ್ಷ ಬಾಳಬೇಕು. ರೈಲ್ವೆ, ಪೊಲೀಸ್ ಇಲಾಖೆಗಳು ಆಟಗಾರರಿಗೆ ಕೆಲಸ ಕೊಡುವುದು ಇದೇ ಭಯಕ್ಕೆ ಉತ್ತರವಾಗಿ. ಚಿತ್ರರಂಗವೂ ಕೆಲವರಿಗೆ ಉತ್ತರವಾಗಿದೆ. ಆದರೆ ಸೋನ್ಯಾ ಅವರ ಸಿರಿ ಚಿತ್ರಕ್ಕಿಂತ ಅವರದೇ ತಂಡದಿಂದ ಬಂದದ್ದನ್ನೂ ಅಶ್ವಿನಿಯವರು ಕೆಲವೇ ಚಿತ್ರಗಳ ತರುವಾಯ ಶಾಲೆ ಕಟ್ಟಿದ್ದನ್ನೂ ನೋಡಿದರೆ, ಇಬ್ಬರಿಗೂ ತೆರೆ ಒಂದು ಸೇತುವೆಯಾಗಿ ಒದಗಿತೆಂದು ಹೇಳಬೇಕಾಗುತ್ತದೆ.

ನಿಮಗೆ ‘ಅಶ್ವಿನಿ’ಯನ್ನೋ ‘ಸನ್ ವ್ಯಾಲಿ ಸೆರೆನೇಡ್’ ಅನ್ನೋ ನೋಡುವ ಸಂದರ್ಭ ಒದಗಿದರೆ ಒಂದು ಕೆಲಸ ಮಾಡಿ. ಓಟದ, ನರ್ತನದ ದೃಶ್ಯಗಳನ್ನು ಒಮ್ಮೆ ಮನಸಾರೆ ನೋಡಿ. ಎರಡನೆಯ ಸಲ ಅವನ್ನು ಬಿಟ್ಟು, ನಾಯಕಿ ಸುಮ್ಮನೆ ನಿಂತಿರುವ, ಇನ್ನೊಬ್ಬರ ಮಾತು ಕೇಳುತ್ತಿರುವ ದೃಶ್ಯಗಳನ್ನಷ್ಟೇ ನೋಡಿ. ಕೈಗಳು ಎಲ್ಲಿವೆ, ಭುಜ ಹೇಗಿದೆ, ಕಣ್ಣು ಯಾರ ಕಡೆಗಿದೆ ಎಂದು ಗಮನಿಸಿ. ಎರಡು ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ಸಾಮಾನ್ಯರು ನಿಂತಂತೆ ಆಟಗಾರರು ನಿಲ್ಲುವುದಿಲ್ಲ. ಯಾವುದಾದರೊಂದು ಪಾದ ಹೊರಡಲು ಸಿದ್ಧವಾಗಿಯೇ ಇರುತ್ತದೆ.